ನಿಮಗಿದು ಗೊತ್ತೇ? ಅತ್ತೆ, ಮಾವ ಮತ್ತು ಮಾನವಶಾಸ್ತ್ರಜ್ಞರು

ಟಿಬೆಟ್ಟಿನ ಬಹುಪತಿತ್ವವನ್ನು ಕುರಿತ ಹೆಸರಾಂತ ವಿವರಣೆಯೊಂದಕ್ಕೆ ಮಾಹಿತಿ ಸಿಕ್ಕಿದ್ದು ಹಿಮಾಲಯದಲ್ಲಲ್ಲ, ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ! 1960ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೈನ್ ಇಲ್ಲಿನ ಟಿಬೆಟ್ಟಿನ ನಿರಾಶ್ರಿತರ ಬಳಿ ಕೂತು, ಅವರು ಬಿಟ್ಟುಬಂದ ಊರಿನ ಮನೆತನ, ಜಮೀನು, ಕಂದಾಯದ ವಿವರ ಕೇಳಿ ಬರೆದುಕೊಂಡರು.

ಅಣ್ಣತಮ್ಮಂದಿರೆಲ್ಲ ಒಬ್ಬಳನ್ನೇ ಮದುವೆಯಾಗುತ್ತಾರೆಂದರೆ ಹೆಣ್ಣಿನ ಅಭಾವವಿರಬೇಕು, ಹೆಣ್ಣುಕೂಸುಗಳನ್ನು ಕೊಲ್ಲುತ್ತಿರಬೇಕು, ಇಲ್ಲವೇ ಹೊಟ್ಟೆಗಿಲ್ಲದ ಬಡತನವಿರಬೇಕು ಎಂಬುದು ಹೊರಗಿನವರ ಊಹೆ. ಗೋಲ್ಡ್‌ಸ್ಟೈನ್ 1971ರಲ್ಲಿ ಬರೆದದ್ದೇ ಬೇರೆ. ಈ ಪದ್ಧತಿ ಹೆಚ್ಚಾಗಿದ್ದದ್ದು ಪಿತ್ರಾರ್ಜಿತ ಜಮೀನಿದ್ದು ಕಂದಾಯ ಕಟ್ಟುತ್ತಿದ್ದ ಮನೆಗಳಲ್ಲಿ. ತಲೆಮಾರಿಗೆ ಒಂದೇ ಮದುವೆಯಾದರೆ ಹೊಲ ಪಾಲಾಗದು. ಅಂಥ ಜಮೀನಿಲ್ಲದವರಲ್ಲಿ? ಬಹುಮಟ್ಟಿಗೆ ಒಬ್ಬನಿಗೆ ಒಬ್ಬಳು! ಪಾಲುಪಾರಿಕತ್ತಿನ ಜಗಳ ಕಂಡಿರುವ ಹುಣಸೂರು, ಕೆ.ಆರ್. ನಗರದ ರೈತರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ; ಪರಿಹಾರವನ್ನು ಒಪ್ಪುವುದು ಬೇರೆ ಮಾತು.

ಈ ಶಾಸ್ತ್ರಕ್ಕೂ ನಮಗೂ ಇರುವ ಸಂಬಂಧ ಇನ್ನೂ ಹಳೆಯದು. ಅಪ್ಪ, ಅತ್ತೆ, ಮಾವ ಎಂಬಂಥ ಕನ್ನಡದ ನಂಟಸ್ತಿಕೆಯ ಹೆಸರುಗಳು 1871ರಷ್ಟು ಹಿಂದೆಯೇ ಅಮೆರಿಕದಲ್ಲಿ ಅಚ್ಚಾಗಿದ್ದವು. ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ತಮಿಳು, ತೆಲುಗು, ಕನ್ನಡದ ಪಟ್ಟಿಗಳನ್ನು ಅಲ್ಲಿನ ಇರೊಕ್ವಾ ಮೂಲನಿವಾಸಿಗಳ ಪಟ್ಟಿಯ ಪಕ್ಕದಲ್ಲಿಟ್ಟು ಬೆರಗಾದರು. ಎರಡೂ ಕಡೆ ಅಪ್ಪನ ಅಣ್ಣತಮ್ಮಂದಿರೂ ‘ಅಪ್ಪ’ಂದಿರೇ! ಹಾಗಾದರೆ ಹಿಂದೊಮ್ಮೆ ಗುಂಪು ಮದುವೆ ನಡೆಯುತ್ತಿದ್ದಿರಬೇಕು ಎಂದು ತೀರ್ಮಾನಿಸಿಯೂಬಿಟ್ಟರು. ಪಾಪ, ನಮ್ಮ ಚಿಕ್ಕಪ್ಪಂದಿರು!

ಸೋದರಮಾವ ರಕ್ತಸಂಬಂಧಿಯೋ, ಬೀಗನೋ? 1953ರಲ್ಲಿ ಫ್ರಾನ್ಸಿನ ಮಾನವಶಾಸ್ತ್ರಜ್ಞ ಲೂಯಿ ದ್ಯುಮೋ, ರಕ್ತಸಂಬಂಧಿ ಎನ್ನುವುದು ಯುರೋಪಿನ ಅಳತೆಗೋಲು ಎಂದರು. ದಕ್ಷಿಣ ಭಾರತದಲ್ಲಿ ಸೋದರಮಾವನೆಂದರೆ ಅಪ್ಪನಿಗೆ ಭಾವಮೈದ. ಆ ಬೀಗತನವೇ ಮಕ್ಕಳಿಗೂ ಇಳಿದು ಬರುತ್ತದೆ. ವಿದ್ವಾಂಸರು ಕೂಡಲೇ ಒಪ್ಪಲಿಲ್ಲ, ವಾದ ಬೆಳೆಯಿತು. ಅಕ್ಕನ ಮಗಳನ್ನೇ ತಂದುಕೊಂಡ ಹೆಗ್ಗಡದೇವನಕೋಟೆಯ ಮನೆಯಲ್ಲಿ ಕೇಳಿದ್ದರೆ ಬೇಗ ತಿಳಿಯುತ್ತಿತ್ತೇನೋ: ಅಲ್ಲಿ ಸೊಸೆಗೆ ಅಮ್ಮನ ಅಮ್ಮನೇ ಅತ್ತೆ.

1984ರಲ್ಲಿ ಮಾನವಶಾಸ್ತ್ರಜ್ಞ ಡೇವಿಡ್ ಶ್ನೈಡರ್ ತಮ್ಮ ಶಾಸ್ತ್ರದ ಬುಡಕ್ಕೇ ಕೈಹಾಕಿದರು. ಎಲ್ಲ ನಂಟಿಗಿಂತ ರಕ್ತದ ನಂಟೇ ಗಟ್ಟಿ ಎಂಬುದು ಪಾಶ್ಚಾತ್ಯರ ನಂಬಿಕೆ, ಅದನ್ನೇ ಜಗತ್ತಿಗೆಲ್ಲ ಹೊರಿಸಿದ್ದೇವೆ ಎಂಬುದು ಅವರ ತಕರಾರು.

ಆದರೆ ತಮ್ಮ ಮನೆಯ ರೂಢಿಯಿಂದ ಊರನ್ನೆಲ್ಲ ಅಳೆಯುವುದು ಬಿಳಿಯರ ಗುತ್ತಿಗೆಯೇನಲ್ಲ. ಸೋದರಮಾವನ, ಸೋದರತ್ತೆಯ ಮಗಳನ್ನು ಮದುವೆಯಾಗುವುದು ದಕ್ಷಿಣದವರ ವಿಶೇಷ ಆಚಾರವೆಂದು ಬೌಧಾಯನ ಧರ್ಮಸೂತ್ರವೇ ಬೇರೆಯಾಗಿ ಪಟ್ಟಿಮಾಡಿದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಸೋದರಮಾವ–ಸೊಸೆಯ, ಅಂದರೆ ಅಕ್ಕನ ಮಗಳೊಂದಿಗಿನ ಮದುವೆ ನಿಷಿದ್ಧ ಸಂಬಂಧಗಳ ಸಾಲಿನಲ್ಲಿದೆ. ಎರಡೂ ಕಡೆಯವರ ರೂಢಿ ಒಪ್ಪಿದರೆ ಮಾತ್ರ ವಿನಾಯಿತಿ.