ಲಲಿತಮಹಲಿನ ಮೆಟ್ಟಿಲು, ನಮ್ಮೂರ ಹೋಟ್ಲಿನ ಬೆಂಚು

ಮೈಸೂರಿನ ಲಲಿತಮಹಲನ್ನು ದೂರದಿಂದ ನೋಡದವರು ನಮ್ಮ ಜಿಲ್ಲೆಯಲ್ಲಿ ಕಮ್ಮಿ. ಒಳಗೆ ಕೂತು ಕಾಫಿ ಕುಡಿದವರು ಅದಕ್ಕಿಂತ ಕಮ್ಮಿ. ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿರುವ ನಮ್ಮ ಗುತ್ತಲಿನ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನ ಕೆಲಸಕ್ಕೆಂದು ಒಳಹೊಕ್ಕು ನೋಡಿ, ನೋಟ್‌ಬುಕ್ಕಿನ ತುಂಬಾ ಚಿತ್ರ ಬರೆದುಕೊಂಡು ಬಂದಿದ್ದಾಳೆ. ಅರಮನೆಯ ವರ್ಣನೆಯಷ್ಟೇ ಆಗಿದ್ದರೆ ಈ ಅಂಕಣಕ್ಕೆ ಕೆಲಸವಿರಲಿಲ್ಲ. ಆಕೆಯ ಮಾತು ನಮ್ಮ ಬಸ್‌ಸ್ಟ್ಯಾಂಡ್ ಸುತ್ತಲಿನ ಹೋಟೆಲುಗಳಿಗೂ ತಾಕುತ್ತದೆ. ಅದಕ್ಕೇ ಈ ಬರಹ.

ವೈಸರಾಯರಿಗೆ ಕಟ್ಟಿದ ಮನೆ

ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಈ ಕಟ್ಟಡಕ್ಕೆ ಕೈಹಾಕಿದ್ದು ವೈಸರಾಯರು ಬಂದರೆ ಇಳಿದುಕೊಳ್ಳಲೆಂದು. ನಕ್ಷೆ ಇ. ಡಬ್ಲ್ಯು. ಫ್ರಿಚ್ಲಿ ಎಂಬ ಮುಂಬಯಿಯ ವಾಸ್ತುಶಿಲ್ಪಿಯದು. ನಡುವಿನ ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟವೇ ಮಾದರಿ. 1974ರಲ್ಲಿ ಅದು ಹೋಟೆಲಾಯಿತು. ದೊರೆಗಳು ಕುಣಿಯುತ್ತಿದ್ದ ಹಾಲ್‌ನಲ್ಲಿ ಊಟದ ಮೇಜುಗಳು ಬಂದವು.

‘ಇಟಲಿಯ ಅಮೃತಶಿಲೆ, ಬೆಲ್ಜಿಯಂ ಗಾಜು ಅಂತ ಎಲ್ಲರೂ ಹೇಳ್ತಾರೆ. ನಂಗೆ ಹಿಡಿಸಿದ್ದು ಮೆಟ್ಟಿಲು’ ಎನ್ನುತ್ತಾಳೆ ಈಕೆ. ‘ಎತ್ತರ ಕಮ್ಮಿ, ಅಗಲ ಜಾಸ್ತಿ. ನಮ್ಮಜ್ಜಿ ಹತ್ತಿದ್ರೂ ಏದುಸಿರು ಬರಲ್ಲ. ನಮ್ಮ ಕಡೆ ಮಹಡಿ ಮೇಲಿನ ಫ್ಯಾಮಿಲಿ ರೂಮಿಗೆ ಹತ್ತೋದು ಅಂದ್ರೆ ಅಟ್ಟಕ್ಕೆ ಏಣಿ ಹಾಕಿದ ಹಂಗೆ.’

ಎರಡನೆಯದು ಬೆಳಕು. ಊಟದ ಹಾಲ್‌ನ ಮೇಲ್ಗಡೆ ಬಣ್ಣದ ಗಾಜಿನ ಗುಮ್ಮಟಗಳಿವೆ. ಹಗಲು ಬೆಳಕು ಮೇಲಿಂದ ಇಳಿದು ಎಲ್ಲರ ತಟ್ಟೆಯ ಮೇಲೂ ಒಂದೇ ಸಮ ಬೀಳುತ್ತದೆ. ಮೂರನೆಯದು ಎತ್ತರ. ಬಿಸಿಗಾಳಿ ಮೇಲೇರುತ್ತದೆ, ತಂಪು ಕೆಳಗೆ ಉಳಿಯುತ್ತದೆ. ಚಾವಣಿ ಎತ್ತರವಿದ್ದಷ್ಟೂ ಕೂತವನ ನೆತ್ತಿಗೆ ಸುಖ.

ಹಾಗೆಂದು ಎಲ್ಲವನ್ನೂ ಆಕೆ ಹೊಗಳುವುದಿಲ್ಲ. ‘ಅದು ಅತಿಥಿ ಒಳಗೆ ಬಂದ ತಕ್ಷಣ ನಾನೆಷ್ಟು ಚಿಕ್ಕೋನು ಅಂದ್ಕೊಳ್ಳಲಿ ಅಂತ ಕಟ್ಟಿರೋ ಜಾಗ. ಬಸ್ಸಿಗೆ ಹತ್ತು ನಿಮಿಷ ಐತೆ ಅಂತ ಓಡಿ ಬರೋನಿಗೆ ಅದು ಆಗಿಬರಲ್ಲ’ ಎಂಬುದು ಆಕೆಯ ತೀರ್ಮಾನ.

ಥರ್ಮೋಕೋಲು ಚಾವಣಿಯ ಹುಚ್ಚು

ಇಲ್ಲಿಗೆ ನಮ್ಮೂರ ವಿಷಯ ಬಂತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾಯಿತು. ಕಾರುಗಳು ಮದ್ದೂರು, ಮಂಡ್ಯಗಳನ್ನು ಪಕ್ಕಕ್ಕೆ ಬಿಟ್ಟು ಬೈಪಾಸಿನಲ್ಲಿ ಹಾರಿಹೋಗುತ್ತಿವೆ. 1917ರಿಂದ ಮದ್ದೂರು ವಡೆಯ ಹೆಸರು ಹೇಳಿಕೊಂಡು ಬಂದ ಹಳೇ ರಸ್ತೆಯಲ್ಲಿ ಗಲ್ಲಾಪೆಟ್ಟಿಗೆ ಹಗುರಾಯಿತು. ಹೋದ ಗಿರಾಕಿಯನ್ನು ಹೊಳಪಿನಿಂದ ಕರೆಯುವಾ ಎಂದು ಹಲವು ಹೋಟೆಲಿನವರು ಹೊರಟಿದ್ದಾರೆ. ಮಂಗಳೂರು ಹೆಂಚು ಇಳಿಸು, ಫಾಲ್ಸ್ ಸೀಲಿಂಗ್ ಕಟ್ಟು, ನೀಲಿ ಲೈಟು ಹಾಕು, ನುಣುಪು ಟೈಲ್ಸು ಬಡಿ!

ಅಂಥ ಒಂದು ಹಳೇ ಹೋಟೆಲಿಗೆ ವಿದ್ಯಾರ್ಥಿನಿಯನ್ನು ಕರೆದುಕೊಂಡು ಹೋಗಿದ್ದೆವು. ಯಜಮಾನರು ಸಾಲದ ಅರ್ಜಿ ಬರೆಸಿ ಜೇಬಿನಲ್ಲಿ ಇಟ್ಟುಕೊಂಡಿದ್ದರು.

‘ಚೆಂದಾಗಿ ಕಾಣ್ಬೇಕಲ್ಲ ಕಣವ್ವ, ಈಗಿನ ಹುಡುಗ್ರು ಫೋಟೋ ಹಿಡೀತಾರೆ’ ಎಂದರು ಅವರು.

‘ಫೋಟೋಗೆ ಬಂದೋರು ಒಂದು ದಿನ ಬತ್ತಾರೆ ಮಾವ. ತಿಂಡಿಗೆ ಬಂದೋರು ದಿನಾ ಬತ್ತಾರೆ’ ಎಂದಳು ಹುಡುಗಿ.

ಆಮೇಲೆ ಬಿಡಿಸಿ ಹೇಳಿದಳು. ಹೆಂಚಿನ ಸಂದಿಯಲ್ಲಿ ಹಬೆ, ಹೊಗೆ, ಬಿಸಿ ತಾವಾಗಿ ಹೊರಕ್ಕೆ ಹೋಗುತ್ತವೆ. ಚಾವಣಿ ತಗ್ಗಿಸಿ ಮುಚ್ಚಿದರೆ ಅದೇ ಬಿಸಿ ಗಿರಾಕಿಯ ನೆತ್ತಿಗೆ ಬರುತ್ತದೆ. ಆಗ ಏಸಿ ಬೇಕು, ಕರೆಂಟ್ ಬಿಲ್ಲು ತೆರಬೇಕು. ಥರ್ಮೋಕೋಲಂತೂ ಬೆಂಕಿ ತಗುಲಿದರೆ ಉರಿದು ತೊಟ್ಟಿಕ್ಕುತ್ತದೆ. ಒಲೆ ಇರುವ ಜಾಗಕ್ಕೆ ಬೇಡವೇ ಬೇಡ. ಗಾಜು, ಟೈಲ್ಸು, ಗಟ್ಟಿ ಹಲಗೆಗಳು ಸದ್ದನ್ನು ನುಂಗುವುದಿಲ್ಲ, ತಿರುಗಿ ಎಸೆಯುತ್ತವೆ. ಲೋಟ ಇಟ್ಟ ಸದ್ದೂ ಸಂತೆಯಾಗುತ್ತದೆ. ನೀಲಿ ಬೆಳಕಿನಲ್ಲಿ ಸಾಂಬಾರು ಹಳಸಿದಂತೆ ಕಾಣುತ್ತದೆ. ನುಣುಪು ಟೈಲ್ಸಿನ ಮೇಲೆ ಕೈ ತೊಳೆದ ನೀರು ಬಿದ್ದರೆ ಸಪ್ಲೈಯರ್ ಹುಡುಗನ ಸೊಂಟವೇ ಹೋದೀತು. ಅಮೃತಶಿಲೆಯ ಮೇಜೂ ಬೇಡ. ನಿಂಬೆ, ಹುಣಸೆ ಹುಳಿ ಬಿದ್ದಲ್ಲಿ ಕಲ್ಲು ಸವೆದು ಮಚ್ಚೆ ಕೂರುತ್ತದೆ. ನಮ್ಮ ಕಡೆಯ ಗ್ರಾನೈಟೇ ಸಾಕು.

ಹಾಗಾದರೆ ಏನು ಮಾಡಬೇಕು?

ಆಕೆಯ ಪಟ್ಟಿ ಉದ್ದವಿಲ್ಲ. ಒಡೆದ ಹೆಂಚು ಬದಲಿಸಿ, ನಾಲ್ಕು ಕಡೆ ಗಾಜಿನ ಹೆಂಚು ಕೂರಿಸಿ. ಲಲಿತಮಹಲಿನ ಬೆಳಕು ಅಷ್ಟರಮಟ್ಟಿಗೆ ನಿಮ್ಮದೂ ಆಯಿತು. ಕೈ ತೊಳೆಯುವ ಬೇಸಿನ್ನು ಅಡಿಗೆಮನೆ ಬಾಗಿಲಿಗೆ ಅಡ್ಡ ಇದೆ. ಅದನ್ನು ಪಕ್ಕದ ಗೋಡೆಗೆ ತಳ್ಳಿ. ಬ್ಯಾಗು ಇಡಲು ಬೆಂಚಿನ ಕೆಳಗೆ ಜಾಗ ಬಿಡಿ. ರಸ್ತೆ ಕಡೆಯ ಕಿಟಕಿಗೆ ಅಂಟಿಸಿದ ಜಾಹೀರಾತು ಕಿತ್ತುಹಾಕಿ, ಕೂತಲ್ಲಿಂದ ಬಸ್ಸಿನ ಬೋರ್ಡು ಕಾಣಲಿ. ಬಸ್ಸು ಕಾಣುವ ಹೋಟೆಲಿನಲ್ಲಿ ಗಿರಾಕಿ ಎರಡನೇ ಕಾಫಿ ಕೇಳುತ್ತಾನೆ.

ಬೆಂಗಳೂರಿನ ಹೆಸರುವಾಸಿ ಹೋಟೆಲುಗಳನ್ನೇ ನೋಡಿ. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್ ಗಿರಾಕಿಗೆ ಅಡಿಗೆಮನೆಯನ್ನೇ ತೋರಿಸಿ ನಂಬಿಕೆ ಗಳಿಸಿತು. 1943ರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳಿವೆ. ಎರಡರ ಮುಂದೆಯೂ ಜನ ಕಾದು ನಿಲ್ಲುತ್ತಾರೆ. ಯಾವುದೂ ಇನ್ನೊಂದು ಊರಿನ ಹೋಟೆಲಿನಂತೆ ಕಾಣಬೇಕೆಂದು ಹೊರಟಿದ್ದಲ್ಲ.

ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಹೋದ ಕಾರನ್ನು ಹೆಂಚಿನ ಚಾವಣಿ ವಾಪಸು ತರುವುದಿಲ್ಲ, ಅದು ನಿಜ. ಫಾಲ್ಸ್ ಸೀಲಿಂಗೂ ತರುವುದಿಲ್ಲ. ಉಳಿದಿರುವ ಗಿರಾಕಿ ಮಳವಳ್ಳಿ ಬಸ್ಸಿಗೆ ಕಾಯುವ ಮೇಷ್ಟ್ರು, ಮಂಡಿಗೆ ಬಂದ ರೈತ, ಪಕ್ಕದ ಬಟ್ಟೆ ಅಂಗಡಿಯ ಹುಡುಗ. ಸಾಲ ತಂದು ಅವರನ್ನೂ ಬೆವರಿಸಿ ಕಳಿಸುವುದು ಯಾವ ವ್ಯಾಪಾರ?

ನಮ್ಮ ಯಜಮಾನರು ಲೆಕ್ಕ ಹಾಕಿ ನೋಡಿದ್ದಾರೆ. ಹೆಂಚು ಇಳಿಸಲು ಬರಬೇಕಿದ್ದ ಮೇಸ್ತ್ರಿಗೆ ಸದ್ಯಕ್ಕೆ ಬೇಡವೆಂದು ಹೇಳಿ ಕಳಿಸಿ, ಪ್ಲಂಬರನ್ನು ಕರೆಸಿದ್ದಾರೆ. ಬೇಸಿನ್ನು ಪಕ್ಕದ ಗೋಡೆಗೆ ಹೋಗಲಿದೆ. ಸಾಲದ ಅರ್ಜಿ ಏನಾಯಿತೆಂದು ಕೇಳಿದ್ದಕ್ಕೆ, ‘ಇರ್ಲಿ ಬುಡಿ, ಅದರ ಹಿಂದ್ಗಡೆ ಹಾಲಿನ ಲೆಕ್ಕ ಬರ್ಕಂಡಿವ್ನಿ’ ಎಂದರು.