ರಾಗಿ ಮುದ್ದೆಗೆ ಸಿಕ್ಕ ಮೀನು

ಕಾವೇರಿಯ ಮಹಶೀರ್ ಮೀನಿಗಾಗಿ ಸಮುದ್ರ ದಾಟಿ ಬಂದ ದೊರೆಗಳು ಗಾಳಕ್ಕೆ ಸಿಕ್ಕಿಸುತ್ತಿದ್ದುದು ನಮ್ಮ ರಾಗಿಯನ್ನು! ಹಿಟ್ಟು ಕಲಸಿ, ಬೇಯಿಸಿ, ಗಟ್ಟಿ ಉಂಡೆ ಕಟ್ಟಿ ನೀರಿಗೆಸೆದರೆ ಮಹಶೀರ್ ಬಂದು ಕಚ್ಚುತ್ತಿತ್ತು. ಮಂಡ್ಯ ಸೀಮೆಯ ಮೀನಿಗೆ ಮುದ್ದೆ ಬಿಟ್ಟು ಇನ್ನೇನು ರುಚಿಸೀತು?

ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರು ದಾಟಿ ನೂರು ಕಿಲೋಮೀಟರಿನಷ್ಟು ಬಂದರೆ, ಮಹಶೀರ್ ಗಾಳಕ್ಕೆ ಹೆಸರಾಗಿದ್ದ ಭೀಮೇಶ್ವರಿ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗೆ, ಹೊಳೆಯ ದಂಡೆಯಲ್ಲೇ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವಿದೆ. ಹೊಳೆಗುಂಟ ಮೇಲಕ್ಕೆ ದೊಡ್ಡಮಾಕಳಿ, ಕೆಳಕ್ಕೆ ಗಾಳಿಬೋರೆ.

ಗಾಳಕ್ಕೆ ಸಿಕ್ಕ ಅತಿ ದೊಡ್ಡ ಮಹಶೀರಿನ ದಾಖಲೆ ಕಾವೇರಿಯ ಉಪನದಿ ಕಬಿನಿಯದ್ದು. ಸತ್ತ ಹುಲಿ, ಚಿರತೆಗಳಿಗೆ ಜೀವಕಳೆ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ 1946ರಲ್ಲಿ 120 ಪೌಂಡಿನ, ಅಂದರೆ 54 ಕಿಲೊ ಮೀನನ್ನು ಎಳೆದರು. ಸ್ವಾತಂತ್ರ್ಯದ ನಂತರ ತೋಟಾ ಸಿಡಿಸಿ ಮೀನು ಹಿಡಿಯುವವರು ಹೆಚ್ಚಿದರು. ಮಹಶೀರ್ ಮುಗಿದೇ ಹೋಯಿತೆಂದು ಹೊರಗಿನವರು ನಂಬಿದ್ದರು. 1978ರ ಸುಮಾರಿಗೆ ಬಂದ ಮೂವರು ಇಂಗ್ಲಿಷ್ ಗಾಳಗಾರರು ಆ ಮಾತನ್ನು ಸುಳ್ಳು ಮಾಡಿದರು. ಮುಂದೆ ಶಿಬಿರಗಳು ಎದ್ದವು. ಹಿಡಿದದ್ದನ್ನು ತೂಗಿ ಹೊಳೆಗೇ ಬಿಡಬೇಕೆಂಬ ನಿಯಮ ಬಂತು. ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಹರಿಗೋಲು ಹಾಕುವ ಕೆಲಸಕ್ಕೆ, ಹೊಳೆ ಕಾಯುವ ಕೆಲಸಕ್ಕೆ ಸೇರಿಕೊಂಡರು. ಯಾವ ಮಡುವಿನಲ್ಲಿ ಮೀನಿದೆಯೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು!

ಗಾಳಿಬೋರೆ ಶಿಬಿರದಲ್ಲಿ, ಹಿಡಿದು ಬಿಟ್ಟ ಮೀನುಗಳ ಬಗ್ಗೆ ಬರೆದಿಟ್ಟ ಲೆಕ್ಕವೇ ಆಮೇಲೆ ವಿಜ್ಞಾನಿಗಳಿಗೆ ನಿಧಿಯಾಯಿತು. 1998ರಿಂದ 2012ರವರೆಗಿನ ಆ ಪುಟಗಳನ್ನು ತಿರುವಿದಾಗ, ಬೆನ್ನುಬ್ಬಿದ ಮೂಲ ಮಹಶೀರ್ ವರ್ಷದಿಂದ ವರ್ಷಕ್ಕೆ ಇಳಿದು, ನೀಲಿ ರೆಕ್ಕೆಯ ಇನ್ನೊಂದು ಜಾತಿ ಏರಿರುವುದು ಕಂಡಿತು. ಆ ನೀಲಿ ರೆಕ್ಕೆಯ ಮರಿಗಳನ್ನು ಸಾಕಣೆ ಕೇಂದ್ರಗಳಲ್ಲಿ ಬೆಳೆಸಿ ಹೊಳೆಗೆ ಬಿಟ್ಟವರು ನಾವೇ, ಅದೂ ಮಹಶೀರನ್ನು ಉಳಿಸುವ ಸದುದ್ದೇಶದಿಂದ. ಒಂದು ಶತಮಾನಕ್ಕೂ ಹೆಚ್ಚು ಕಾಲ ಜಗತ್ತು ಬೆನ್ನಟ್ಟಿದ ಉಬ್ಬುಬೆನ್ನಿನ ಮೀನು ಟಾರ್ ರೆಮದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು.

ವನ್ಯಜೀವಿ ಕಾಯ್ದೆಯ ಕಾರಣಕ್ಕೆ ಅಭಯಾರಣ್ಯದೊಳಗೆ ಗಾಳ ಹಾಕುವುದು ಈಗ ನಿಂತಿದೆ. ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಗಾಳದ ಜೊತೆಗೆ ಲೆಕ್ಕದ ಪುಸ್ತಕವನ್ನೂ ಮುಚ್ಚಿದ್ದು ನನಗೆ ಸರಿಕಾಣದು.

ಈಗ ಹೋಗುವವರು ನಡೆಯಲಿಕ್ಕೆ ಹೋಗಬೇಕು. ಮಾರ್ಗದರ್ಶಿಯಿಲ್ಲದೆ ಕಾಡಿಗೆ ಇಳಿಯುವಂತಿಲ್ಲ, ಆನೆಗಳ ದಾರಿಯದು. ದಂಡೆಯ ಹೊಳೆಮತ್ತಿ ಮರಗಳ ಮೇಲೆ ಕಣ್ಣಿಟ್ಟರೆ, ಅಪರೂಪದ ಬೂದು ಬಣ್ಣದ ದೊಡ್ಡ ಅಳಿಲು ಕಂಡೀತು. ನೀರಿನಲ್ಲಿ ನೀರುನಾಯಿ, ಬಂಡೆಯ ಮೇಲೆ ಮೊಸಳೆ. ಹತ್ತಿರದ ಮುತ್ತತ್ತಿಯಲ್ಲಿ, ಸೀತೆ ಹೊಳೆಯಲ್ಲಿ ಕಳೆದುಕೊಂಡ ಮುತ್ತನ್ನು ಹನುಮಂತ ಬಾಲದಿಂದ ನೀರು ಕಲಕಿ ಹುಡುಕಿಕೊಟ್ಟನೆಂಬ ಕಥೆಯಿದೆ. ಮುತ್ತುರಾಜ ಎಂದು ರಾಜ್‌ಕುಮಾರರಿಗೆ ಹೆತ್ತವರು ಇಟ್ಟದ್ದು ಇಲ್ಲಿ ಮುತ್ತತ್ತಿರಾಯನೆನಿಸಿಕೊಂಡ ಆ ಹನುಮಂತನ ಹೆಸರನ್ನೇ. ದೇವಸ್ಥಾನಕ್ಕೆ ಹೋಗಿ ಕೈಮುಗಿಯಿರಿ, ಊಟ ಕಟ್ಟಿಕೊಂಡು ಹೋಗಿದ್ದರೆ ಮರದಡಿ ಕೂತು ಉಣ್ಣಿ. ಹೊಳೆಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ಈ ನೀರಿನ ಸುಳಿಗಳು ಈಜು ಬಲ್ಲವರನ್ನೂ ನುಂಗಿವೆ.