ಬ್ರೂಸ್‌ಪೇಟೆಯಿಂದ ಕಾಲ್ನಡಿಗೆ

ಬಳ್ಳಾರಿಯ ಕೋಟೆಯನ್ನು ಕುರಿತು ನಮ್ಮೂರಿನಲ್ಲಿ ಒಂದು ಕಥೆ ಹೇಳುವುದುಂಟು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯು ಈ ಗುಡ್ಡವನ್ನು ವಶಪಡಿಸಿಕೊಂಡು, ಹನುಮಪ್ಪ ನಾಯಕನು ಕಟ್ಟಿಸಿದ ಮೇಲುಕೋಟೆಯನ್ನು ಬಲಪಡಿಸಿ ಕೆಳಕೋಟೆಯನ್ನು ಕಟ್ಟುವ ಕೆಲಸವನ್ನು ಒಬ್ಬ ಫ್ರೆಂಚ್ ಎಂಜಿನಿಯರನಿಗೆ ವಹಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ ತಿಳಿಯಿತು, ಎದುರಿಗಿರುವ ಕುಂಬಾರ ಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವೆಂದು. ಅಲ್ಲಿ ಫಿರಂಗಿ ನಿಲ್ಲಿಸಿದವನಿಗೆ ಕೋಟೆ ಸುಲಭದ ತುತ್ತೆಂದು. ಸಿಟ್ಟಿಗೆದ್ದ ಹೈದರನು ಆ ಎಂಜಿನಿಯರನನ್ನು ಕೋಟೆಯ ಬಾಗಿಲಿನಲ್ಲಿಯೇ ಗಲ್ಲಿಗೇರಿಸಿದನೆಂದು ಪ್ರತೀತಿ. ಇದರಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು ಎಂಬ ವಿಚಾರ ಹಾಗಿರಲಿ. ನನಗೆ ಮಾತ್ರ ಆ ಬಡಪಾಯಿಯ ಮೇಲೆ ಕನಿಕರ. ಅವನು ಮಾಡಿದ ತಪ್ಪಾದರೂ ಏನು? ಗೋಡೆ ಎಬ್ಬಿಸುವ ಮುನ್ನ ಒಂದು ದಿನ ಬೆಳಗ್ಗೆ ಎದುರಿನ ಗುಡ್ಡದವರೆಗೆ ಸುಮ್ಮನೆ ನಡೆದು ಬರಲಿಲ್ಲ, ಅಷ್ಟೆ.

ಅದೇ ತಪ್ಪನ್ನು ನಾನೂ ಬಹು ವರ್ಷ ಮಾಡಿದ್ದೇನೆ. ನನ್ನ ವಾಸ ಬ್ರೂಸ್‌ಪೇಟೆ. ಕಂಪೆನಿ ಸರ್ಕಾರದ ಕಾಲದ ಇಂಗ್ಲಿಷ್ ಅಧಿಕಾರಿಯೊಬ್ಬನ ಹೆಸರನ್ನು ಇಂದಿಗೂ ಹೊತ್ತಿರುವ, ಅಂಗಡಿ ಮುಂಗಟ್ಟುಗಳ ಗದ್ದಲದ ಪೇಟೆ. ಮನೆಗೆ ನೆಂಟರು ಬಂದರೆ ಅವರನ್ನು ಹಂಪಿಗೆ ಕರೆದೊಯ್ಯುವುದು ನಮ್ಮ ವಾಡಿಕೆ. ಹಂಪಿಯ ದಾರಿಯ ಒಂದೊಂದು ತಿರುವೂ ನನಗೆ ಗೊತ್ತಿತ್ತು. ಊರಿನಿಂದ ಐದಾರು ಕಿಲೋಮೀಟರ್ ಆಚೆ ಏನಿದೆಯೆಂಬುದು ಗೊತ್ತಿರಲಿಲ್ಲ. 2021ರಲ್ಲಿ ಜಿಲ್ಲೆ ಇಬ್ಭಾಗವಾಗಿ ಹಂಪಿಯು ವಿಜಯನಗರ ಜಿಲ್ಲೆಗೆ ಸೇರಿದಾಗ, ಹಲವರು ಕೇಳಿದರು: “ಇನ್ನು ಬಳ್ಳಾರಿಯಲ್ಲಿ ನೋಡುವುದಕ್ಕೆ ಏನು ಉಳಿಯಿತು?” ನನ್ನಲ್ಲಿಯೂ ಉತ್ತರವಿರಲಿಲ್ಲ.

ಉತ್ತರದ ದಾರಿ ತೋರಿಸಿದ್ದು, ವಿನೋದವೆಂದರೆ, ಫ್ರಾನ್ಸಿನಿಂದ ಬಂದ ಒಂದು ಕಾಗದ. ಅಲ್ಲಿಗೆ ಓದಲು ಹೋಗಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ರಜೆಯಲ್ಲಿ ಬರ್ಗಂಡಿಯ ದ್ರಾಕ್ಷಿಯ ಸೀಮೆಯಲ್ಲಿ ನಡೆದಾಡಿದ ಸಂಗತಿಯನ್ನು ಬರೆದಿದ್ದ. ಬೋನ್ ಎಂಬ ಪಟ್ಟಣದಿಂದ ಹೊರಟರೆ ಪೊಮ್ಮಾರ್, ವೊಲ್ನೆ, ಮರ್ಸೋ ಎಂಬ ಹಳ್ಳಿಗಳು ಒಂದರ ಹಿಂದೊಂದು ಬರುತ್ತವೆಯಂತೆ, ದಾರಿಯುದ್ದಕ್ಕೂ ದ್ರಾಕ್ಷಿಯ ತೋಟ, ಏರಿಳಿತ ಹೆಚ್ಚಿಲ್ಲ, ವಯಸ್ಸಾದವರೂ ಕೋಲೂರಿ ನಡೆಯುತ್ತಾರಂತೆ. ಮಧ್ಯಯುಗದ ಸನ್ಯಾಸಿಗಳು ಬೆಳೆಸಿದ ತೋಟಗಳನ್ನು ಅಲ್ಲಿಯವರು ಇಂದಿಗೂ ಹೆಸರು ಹಿಡಿದು ಗುರುತಿಸುತ್ತಾರೆ. ಆ ತೋಟಗಳ ಸೀಮೆಗೆ 2015ರಲ್ಲಿ ವಿಶ್ವಪರಂಪರೆಯ ಪಟ್ಟವೂ ದೊರೆಯಿತು. ಆ ದೇಶದಲ್ಲಿ ದೂರದ ಕಾಲುದಾರಿಗಳಿಗೆ ಬಿಳಿ ಮತ್ತು ಕೆಂಪು ಗೆರೆಗಳ ಗುರುತು ಹಾಕುವ ಪದ್ಧತಿಯುಂಟು. ಕಾಗದದ ಕೊನೆಗೆ ಅವನು ಕೇಳಿದ್ದ: “ನಮ್ಮೂರಿನ ಸುತ್ತ ಇಂಥ ದಾರಿಗಳು ಇವೆಯೆ ಸರ್?”

ಮರುವಾರವೇ ನನ್ನ ಮಿತ್ರರಾದ ಚರಿತ್ರೆಯ ಮೇಷ್ಟ್ರೊಬ್ಬರನ್ನು ಜೊತೆ ಮಾಡಿಕೊಂಡು, ಒಗ್ಗರಣೆ-ಮಿರ್ಚಿಯ ಉಪಾಹಾರ ಮುಗಿಸಿ, ಸಂಗನಕಲ್ಲಿನ ಹಾದಿ ಹಿಡಿದೆ. ಮನೆಗಳ ಸಾಲು ಮುಗಿದ ಮೇಲೆ ಹೊಲಗಳು. ಹೊಲಗಳ ಆಚೆ, ಯಾರೋ ಗುಂಡುಕಲ್ಲುಗಳನ್ನು ರಾಶಿ ಹಾಕಿ ಮರೆತು ಹೋದಂತೆ ಕಾಣುವ ಗುಡ್ಡಗಳು. ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ನಡುವೆ ಇರುವ ಹಿರೇಗುಡ್ಡವೇ ನಮ್ಮ ಗುರಿ. ಕಣಶಿಲೆಯ ಈ ಗುಡ್ಡದ ಮೈಯನ್ನು ಸೀಳಿಕೊಂಡು ಕಪ್ಪು ಕಲ್ಲಿನ ಒಂದು ಪಟ್ಟಿ ಹಾದುಹೋಗಿದೆ. ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎನ್ನುತ್ತಾರೆ. ಲೋಹವನ್ನರಿಯದ ಜನಕ್ಕೆ ಆ ಕಪ್ಪು ಕಲ್ಲೇ ಕಬ್ಬಿಣ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ನವಶಿಲಾಯುಗದ ಕುಶಲಿಗಳು ಅದನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿಗಳನ್ನು ಮಾಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ವಿದ್ವಜ್ಜಗತ್ತಿಗೆ ತಿಳಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಪೇಟೆಯ ಬ್ರೂಸನೇ ಬೇರೆ, ಈ ಬ್ರೂಸನೇ ಬೇರೆ. ಈತನ ಹೆಸರಿನಲ್ಲಿ ಬಳ್ಳಾರಿಯಲ್ಲಿ ಈಗ ಒಂದು ವಸ್ತುಸಂಗ್ರಹಾಲಯವೇ ಇದೆ. ಮುಂದೆ 1946ರಲ್ಲಿ ಬಿ. ಸುಬ್ಬರಾವ್ ಅವರು ಇಲ್ಲಿ ಉತ್ಖನನ ನಡೆಸಿ, ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳ ಮೇಲೆ 1948ರಲ್ಲಿ ಗ್ರಂಥವನ್ನು ಪ್ರಕಟಿಸಿದರು.

ಕಪ್ಪು ಬಂಡೆಗಳ ನಡುವೆ ನಾವು ತಡಕಾಡುತ್ತಿರುವುದನ್ನು ಕಂಡು, ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದರು.

“ಏನ್ ಹುಡುಕ್ತೀರಿ ಸಾಮಿ? ಬಂಗಾರ ಏನೂ ಸಿಗಲ್ಲ ಇಲ್ಲಿ.”

“ಬಂಡೆ ಮೇಲಿನ ಚಿತ್ರ ನೋಡಬೇಕಾಗಿತ್ತು, ತಾತಾ.”

“ಬಸವಣ್ಣನ ಚಿತ್ರ ಏನು? ಬರ್ರಿ ಇತ್ತಾಗ.”

ಅವರು ತೋರಿದ ಬಂಡೆಯ ಮೇಲೆ ಮೊದಲು ನನಗೇನೂ ಕಾಣಲಿಲ್ಲ. ಬಿಸಿಲು ಓರೆಯಾಗಿ ಬಿದ್ದ ಕಡೆ ನಿಂತು ನೋಡಿದಾಗ ಮೆಲ್ಲಗೆ ಮೂಡಿತು: ನೀಳವಾದ ಕೊಂಬು, ಎದ್ದ ಹಿಣಿಲು, ನಾಲ್ಕು ಕಾಲು. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೂಡಿಸಿದ ಗೂಳಿ. ಒಂದು ಕಂಡ ಮೇಲೆ ಹತ್ತು ಕಂಡವು. ನಡುನಡುವೆ ಮನುಷ್ಯರ ಆಕೃತಿಗಳೂ ಇವೆ. ಆದರೆ ಈ ಗುಡ್ಡದ ಒಡೆಯ ದನವೇ. ಆಮೇಲೆ ತಾತ ಇನ್ನೊಂದು ಬಂಡೆಯ ಬಳಿಗೆ ಕರೆದೊಯ್ದು, ಅದರ ಮೇಲಿದ್ದ ನುಣ್ಣನೆಯ ಕುಳಿಗಳನ್ನು ತೋರಿ, ಸಣ್ಣ ಕಲ್ಲಿನಿಂದ ಮೆಲ್ಲಗೆ ಮುಟ್ಟಿದರು. ಬಂಡೆ ಜಾಗಟೆಯಂತೆ ನುಡಿಯಿತು! 2004ರಲ್ಲಿ ನಿಕೋಲ್ ಬಾಯ್ವಿನ್ ಎಂಬ ವಿದುಷಿ ಈ ನುಡಿಗಲ್ಲುಗಳನ್ನು ಕುರಿತು ಬರೆದಾಗ ಹೊರಜಗತ್ತು ಬೆರಗಾಯಿತು. ಕುರಿಗಾಹಿಗೆ ಅದು ಮನೆಯ ಮಾತು. (ವಾಚಕರಲ್ಲಿ ಒಂದು ಬಿನ್ನಹ: ಅಲ್ಲಿಗೆ ಹೋದರೆ ಬಡಿದು ನೋಡುವ ಚಪಲ ಬೇಡ. ಬಂದವರೆಲ್ಲ ಒಂದೊಂದು ಪೆಟ್ಟು ಕೊಟ್ಟರೆ ಕಲ್ಲಾದರೂ ಎಷ್ಟು ತಾಳೀತು?)

ಆ ನಾದ ಇನ್ನೂ ಕಿವಿಯಲ್ಲಿರುವಾಗಲೇ ದೂರದಿಂದ ಧಡ್ ಎಂಬ ಸದ್ದು ಬಂತು. ಕುರಿಗಳು ಒಮ್ಮೆಲೇ ಬೆಚ್ಚಿದವು. “ಕಲ್ಲು ಸಿಡಿಸ್ತಾರ,” ಎಂದರು ತಾತ, ಮಳೆ ಬರುತ್ತದೆ ಎನ್ನುವಷ್ಟು ನಿರ್ಲಿಪ್ತವಾಗಿ. ಬಾಯ್ವಿನ್ ಅವರೂ ಕಲ್ಲುಗಣಿಯಿಂದ ಈ ಗುಡ್ಡಗಳಿಗೆ ಒದಗಿದ ಅಪಾಯವನ್ನು ಅಂದೇ ಎತ್ತಿ ಹೇಳಿದ್ದರು. ಇಳಿಯುವಾಗ ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ.

ಎರಡನೆಯ ನಡಿಗೆ ಕುರುಗೋಡಿನದು. ಬಳ್ಳಾರಿಯಿಂದ ಸುಮಾರು 30 ಕಿಲೋಮೀಟರ್. ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಿ ಇಳಿದು ನಡೆಯುವುದು ಲೇಸು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರ ರಾಜಧಾನಿ ಇದು. ಹನ್ನೆರಡನೆಯ ಶತಮಾನದ ಇಲ್ಲಿಯ ಶಾಸನಗಳಲ್ಲಿ ಆ ಮನೆತನದ ರಾಚಮಲ್ಲನ ಹೆಸರು ಬರುತ್ತದೆ. ಹಳೆಯ ಊರಿನ ಗುಡ್ಡದ ತಪ್ಪಲಿನಲ್ಲಿ ಆ ಕಾಲದ ಗುಡಿಗಳು ಒಂದರಿಂದೊಂದು ಕೂಗಳತೆಯ ದೂರದಲ್ಲಿ ನಿಂತಿವೆ. ಗುಡ್ಡದ ಮೇಲೆ ಕೋಟೆಯ ಅವಶೇಷಗಳು. ಗುಡಿಗಳಲ್ಲಿ ಹಂಪಿಯ ವೈಭವವಿಲ್ಲ. ಗಾರೆಯ ಹಂಗಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ, ಹಿತಮಿತವಾದ ಗುಡಿಗಳು. ಹಂಪಿಯಲ್ಲಿ ನಾವು ತಲೆಯೆತ್ತಿ ನೋಡುತ್ತೇವೆ. ಇಲ್ಲಿ ಜಗತಿಯ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚಬಹುದು.

ಊರಿನ ದೊಡ್ಡಬಸವೇಶ್ವರನನ್ನು ನೋಡದೆ ಕುರುಗೋಡಿನ ನಡಿಗೆ ಮುಗಿಯುವುದಿಲ್ಲ. ಒಂದೇ ಕಲ್ಲಿನ ನಂದಿ. ಎತ್ತರ ಸುಮಾರು 12 ಅಡಿ. ಆ ಬೃಹದಾಕಾರದ ಎದುರು ನಿಂತಾಗ ನನಗೆ ಥಟ್ಟನೆ ಹಿರೇಗುಡ್ಡದ ಅಂಗೈಯಗಲದ ಗೂಳಿ ನೆನಪಾಯಿತು. ಹೊರಗೆ ಬಂದರೆ ಬೀದಿಯಲ್ಲಿ, ಕೊಂಬಿಗೆ ಬಣ್ಣ ಬಳಿದ ಜೋಡೆತ್ತು ಹೊಲದ ಕಡೆಗೆ ಹೊರಟಿತ್ತು. ಹೊಸಪೇಟೆಯ ದಾರಿಯ ಕುಡತಿನಿಯಲ್ಲಿರುವ ಬೂದಿದಿಬ್ಬವನ್ನೂ ಈ ಸಾಲಿಗೆ ಸೇರಿಸಬೇಕು. ಇಂಥ ದಿಬ್ಬಗಳನ್ನು ಜನ ರಾಕ್ಷಸರ ಚಿತೆಯ ಬೂದಿಯೆಂದು ನಂಬಿದ್ದರು. ವಿದ್ವಾಂಸರು ಪರೀಕ್ಷಿಸಿ, ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಯೆಂದು ತೋರಿಸಿಕೊಟ್ಟರು. ಬಂಡೆಯ ಗೂಳಿ, ಬೂದಿಯ ದಿಬ್ಬ, ಗುಡಿಯ ಬಸವ, ಬೀದಿಯ ಎತ್ತು, ಇವುಗಳ ನಡುವೆ ನೇರವಾದ ವಂಶಾವಳಿಯನ್ನು ಬರೆಯಲು ನಾನು ಪಂಡಿತನಲ್ಲ. ಆದರೆ ಈ ಸೀಮೆಯಲ್ಲಿ ಮನುಷ್ಯನೂ ದನವೂ ನಾಲ್ಕು ಸಾವಿರ ವರ್ಷ ಕೂಡಿ ನಡೆದ ಹೆಜ್ಜೆಗಳು ಅವು ಎಂದು ನನ್ನ ಕಾಲಿಗೆ ತಿಳಿಯಿತು. ಪುಸ್ತಕದಲ್ಲಿ ಅವು ಬೇರೆ ಬೇರೆ ಅಧ್ಯಾಯಗಳಾಗಿದ್ದವು.

ಮೂರನೆಯದು ಸಿರುಗುಪ್ಪದ ಕಡೆಯ ಪಯಣ. ಆ ದಾರಿಯ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ಅಗೆದು, ಬಂಡೆಗಳ ನಡುವೆ ದುಂಡು ಗುಡಿಸಲು ಕಟ್ಟಿ ಬಾಳಿದ ನವಶಿಲಾಯುಗದವರ ನೆಲೆಯನ್ನು ಬೆಳಕಿಗೆ ತಂದರು. ತುಂಗಭದ್ರೆಯ ಸೆರಗಿನ ನಿಟ್ಟೂರು, ಉಡೇಗೋಳಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಹುಪಾಲು ಶಾಸನಗಳು ‘ದೇವಾನಾಂಪ್ರಿಯ’ ಎಂದಷ್ಟೇ ಹೇಳಿದರೆ, ಇಲ್ಲಿಯವು, ಮಸ್ಕಿಯ ಶಾಸನದಂತೆ, ಅರಸನ ಹೆಸರನ್ನೇ ಹೇಳುತ್ತವೆ. ದಾರಿಯ ಎರಡೂ ಕಡೆ ಕಾಲುವೆಯ ನೀರು, ಕಣ್ಣು ಹಾಯುವವರೆಗೆ ಭತ್ತದ ಗದ್ದೆ. ಚಕ್ರವರ್ತಿಯ ಮಾತು ಓದುವವರಿಲ್ಲದೆ ಈ ಹೊಲಗಳ ನಡುವೆ ಎಷ್ಟೋ ಶತಮಾನ ಕಾದಿತ್ತು ಎಂದು ನೆನೆದರೆ ನಡಿಗೆ ತಾನಾಗಿ ನಿಧಾನವಾಗುತ್ತದೆ.

ಹೊರಡುವವರಿಗೆ ನಾಲ್ಕು ಮಾತು. ಕಾರ್ತಿಕದಿಂದ ಮಾಘದವರೆಗಿನ ತಿಂಗಳುಗಳು ಉತ್ತಮ. ಬಳ್ಳಾರಿಯ ಬೇಸಿಗೆಯೊಡನೆ ಹುಡುಗಾಟ ಸಲ್ಲದು. ಮಳೆ ಬಿದ್ದ ಮರುದಿನ ಎರೆಹೊಲಕ್ಕೆ ಕಾಲಿಡಬೇಡಿ. ಆ ಮಣ್ಣು ಹೆಜ್ಜೆಗೊಂದು ಸೇರಿನಂತೆ ಮೆಟ್ಟಿಗೆ ಅಂಟುತ್ತದೆ. ಕುಡಿಯುವ ನೀರು, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಸಾಕು. ಬರ್ಗಂಡಿಯವರಿಗೆ ದ್ರಾಕ್ಷಿ ಇದ್ದರೆ ನಮಗೆ ಅಂಜೂರವಿದೆ. ಕಾಲ ಕೂಡಿಬಂದರೆ ತೋಟದವರು ಮಾತನಾಡಿಸದೆ ಕಳಿಸುವುದಿಲ್ಲ. ಹೊಲದ ಬದುವಿನ ಮೇಲೆ ನಡೆಯಿರಿ, ಬೆಳೆಯಲ್ಲಿ ಅಲ್ಲ.

ವಿದ್ಯಾರ್ಥಿಯ ಪ್ರಶ್ನೆಗೆ ನಾನು ಹೀಗೆ ಬರೆದೆ: ದಾರಿಗಳು ಇವೆ, ನಡೆಯುವವರು ಕಡಿಮೆ. ಅಲ್ಲಿ ಬಿಳಿ ಕೆಂಪು ಗೆರೆ ಎಳೆದವರು ದಾರಿಯನ್ನು ತೋರಿಸಿದರು, ಅಷ್ಟೇ ಅಲ್ಲ, ಕಾಯ್ದರು. ನಿತ್ಯವೂ ನಾಲ್ಕು ಜನ ಓಡಾಡುವ ದಾರಿಯ ಬಂಡೆ ಇಲ್ಲವಾದರೆ ಆ ನಾಲ್ವರೂ ಕೇಳುತ್ತಾರೆ. ಯಾರೂ ಕಾಣದ ಬಂಡೆ ಜಲ್ಲಿಯಾದರೆ ಕೇಳುವವರಿಲ್ಲ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ದೂರದ ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯ ಮಿತ್ರರು, ಒಂದು ಭಾನುವಾರದ ಬೆಳಗ್ಗೆ ಅವರನ್ನು ಹಿರೇಗುಡ್ಡದವರೆಗೆ ನಡೆಸಿಕೊಂಡು ಹೋಗಬಾರದೆ? ಆ ಮಕ್ಕಳು ಮುಂದೆ ಜಲ್ಲಿಗೂ ಚರಿತ್ರೆಗೂ ವ್ಯತ್ಯಾಸ ತಿಳಿದವರಾದಾರು.

ಸಂಜೆ ಬ್ರೂಸ್‌ಪೇಟೆಗೆ ಮರಳುವಾಗ ಕೋಟೆಯ ಗುಡ್ಡವೂ ಕುಂಬಾರ ಗುಡ್ಡವೂ ಒಟ್ಟಿಗೆ ಕಾಣುತ್ತವೆ. ಎರಡರಲ್ಲಿ ಯಾವುದು ಎತ್ತರವೆಂದು ಹೇಳಲು, ನಿಜವಾಗಿ, ಕೆಳಗೆ ನಿಂತವನಿಗೆ ಸುಲಭವಲ್ಲ. ಆ ಫ್ರೆಂಚ್ ಎಂಜಿನಿಯರನ ಮೇಲೆ ನನ್ನ ಕನಿಕರ ಇನ್ನೂ ಹೆಚ್ಚಿತು. ಮುಂದಿನ ವಾರ ಕುಂಬಾರ ಗುಡ್ಡದ ಕಡೆಗೆ ಹೊರಡಬೇಕೆಂದು ಮೇಷ್ಟ್ರು ಹೇಳಿದ್ದಾರೆ.